ಕೋಡೋ, ಸರ್ಕ್ಯೂಟೋ? ಎಂಬೆಡೆಡ್ ಪ್ರಾಜೆಕ್ಟಿನಲ್ಲಿ ಯಾವ ಕೆಲಸವನ್ನು ಯಾರಿಗೆ ಕೊಡಬೇಕು

ಎಂಬೆಡೆಡ್ ಎಂದರೆ ಯಂತ್ರದೊಳಗೇ ಕೂತು ಅದನ್ನು ನಡೆಸುವ ಸಣ್ಣ ಕಂಪ್ಯೂಟರ್. ಪ್ರಾಜೆಕ್ಟ್ ಸಮಯ ಬಂತೆಂದರೆ ದಾವಣಗೆರೆ, ಚಿತ್ರದುರ್ಗದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬರುತ್ತದೆ. “ಇದನ್ನ ಕೋಡ್‌ನಲ್ಲೇ ಮಾಡಬಹುದಲ್ವಾ, ಬೇರೆ ಐಸಿ ಯಾಕೆ?” ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ತೋಟಕ್ಕೆ ತಾವೇ ಆಟೋ ಸ್ಟಾರ್ಟರ್ ಮಾಡಿಕೊಳ್ಳಲು ಹೊರಟವರೂ ಇದನ್ನೇ ಕೇಳುತ್ತಾರೆ. ಕೆಲವರದು ಇದರ ಉಲ್ಟಾ. ಎಫ್‌ಪಿಜಿಎ ಎಂಬ ಚಿಪ್ (ವಿವರ 6ನೇ ಹಂತದಲ್ಲಿ) ಹಾಕಿದರೆ ಪ್ರಾಜೆಕ್ಟ್ ದೊಡ್ಡದಾಗಿ ಕಾಣುತ್ತಾ ಎಂದು ಕೇಳುತ್ತಾರೆ. ಇಬ್ಬರಿಗೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಚಿಕ್ಕ ಉತ್ತರ ಇಷ್ಟು. ಮೊದಲು ಎಲ್ಲ ಕೆಲಸವೂ ಕೋಡ್‌ನದು ಎಂದು ಇಟ್ಟುಕೊಳ್ಳಿ. ಕೋಡ್ ಬದಲಿಸುವುದು ಸುಲಭ, ಖರ್ಚಿಲ್ಲ. ಆಮೇಲೆ ಒಂದೊಂದು ಕೆಲಸಕ್ಕೂ ಎರಡು ಪ್ರಶ್ನೆ ಕೇಳಿ. ಇದಕ್ಕೆ ಎಷ್ಟು ಸಮಯ ಇದೆ? ಕೋಡ್ ಓಡುವುದೇ ನಿಂತುಹೋದರೆ ಈ ಕೆಲಸದ ಗತಿ ಏನು? ಈ ಎರಡರಲ್ಲಿ ಒಂದಕ್ಕೆ ಕೋಡ್ ಸರಿಯಾದ ಉತ್ತರ ಕೊಡದಿದ್ದರೆ ಮಾತ್ರ ಆ ಕೆಲಸ ಹಾರ್ಡ್‌ವೇರ್‌ಗೆ ಹೋಗಬೇಕು.

ಉದಾಹರಣೆಗೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದನ್ನೇ ತೆಗೆದುಕೊಳ್ಳೋಣ. ಬೋರಿನ ತ್ರೀ ಫೇಸ್ ಸಬ್‌ಮರ್ಸಿಬಲ್ ಮೋಟಾರಿಗೆ ಒಂದು ಕಂಟ್ರೋಲರ್. ಕರೆಂಟ್ ಬಂದಾಗ ಆನ್ ಮಾಡಬೇಕು, ಬೋರಿನಲ್ಲಿ ನೀರು ತಳ ಕಂಡರೆ ನಿಲ್ಲಿಸಬೇಕು, ಒಂದು ಫೇಸ್ ಹೋದರೆ ನಿಲ್ಲಿಸಬೇಕು, ಎಷ್ಟು ನೀರು ಹೋಯಿತು ಎಂದು ಎಣಿಸಬೇಕು, ಫೋನಿಗೆ ಮೆಸೇಜ್ ಕಳಿಸಬೇಕು.

ಮೊದಲು ಕೆಲವು ಪದ

ಮೈಕ್ರೋಕಂಟ್ರೋಲರ್ ಎಂದರೆ ಪ್ರೊಸೆಸರ್, ಮೆಮೊರಿ, ಪಿನ್ನುಗಳು ಎಲ್ಲ ಒಂದರಲ್ಲೇ ಇರುವ ಚಿಪ್. ಆರ್ಡುಯಿನೋ ಊನೋ ಬೋರ್ಡಿನ ಎಟಿಮೆಗಾ328ಪಿ ಅಂಥದ್ದು. ಸಾಫ್ಟ್‌ವೇರ್ ಲಾಜಿಕ್ ಎಂದರೆ ಅದರಲ್ಲಿ ಓಡುವ ನಿಮ್ಮ ಪ್ರೋಗ್ರಾಂ, ಒಂದಾದ ಮೇಲೆ ಒಂದರಂತೆ ಆದೇಶ ನಡೆಸುತ್ತದೆ. ಹಾರ್ಡ್‌ವೇರ್ ಲಾಜಿಕ್ ಎಂದರೆ ತಂತಿ, ಗೇಟು (ಹೌದು ಅಲ್ಲ ಸಿಗ್ನಲ್ಲುಗಳನ್ನು ಸೇರಿಸಿ ಒಂದು ಉತ್ತರ ಕೊಡುವ ಸರ್ಕ್ಯೂಟ್), ರಿಲೇ (ಕರೆಂಟ್ ಕೊಟ್ಟಾಗ ಎಳೆದುಕೊಳ್ಳುವ ಸ್ವಿಚ್) ಇವುಗಳ ಜೋಡಣೆಯೇ ತೀರ್ಮಾನ ಮಾಡುವುದು. ಅಲ್ಲಿ ಸಾಲು ನಿಲ್ಲುವ ಆದೇಶಗಳಿಲ್ಲ, ಎಲ್ಲ ಒಟ್ಟಿಗೆ ನಡೆಯುತ್ತದೆ. ಇಂಟರಪ್ಟ್ ಎಂದರೆ ಪಿನ್ನಿನಲ್ಲಿ ಏನೋ ಆದಾಗ ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು ಅದನ್ನು ನೋಡಿ ಬರುವುದು.

ಹಾರ್ಡ್‌ವೇರ್ ಲಾಜಿಕ್ ಹೊಸದೇನಲ್ಲ. ನಿಮ್ಮ ಮೋಟಾರ್ ಮನೆಯ ಸ್ಟಾರ್ಟರ್ ಡಬ್ಬಿಯಲ್ಲೇ ಇದೆ. ಸ್ಟಾಪ್ ಬಟನ್ನೂ, ಮೋಟಾರ್ ಅತಿಯಾಗಿ ಕರೆಂಟ್ ಎಳೆದರೆ ಬಿಡಿಸುವ ಓವರ್‌ಲೋಡ್ ರಿಲೇಯ ಕಾಂಟ್ಯಾಕ್ಟೂ ಒಂದರ ಹಿಂದೆ ಒಂದು ಸಾಲಾಗಿ ಇರುತ್ತವೆ. ಎರಡೂ ಮುಚ್ಚಿದ್ದರೆ ಮಾತ್ರ ಕರೆಂಟ್ ಮುಂದೆ ಹೋಗುತ್ತದೆ, ಅದು ಆ್ಯಂಡ್ ಗೇಟ್. ಸ್ಟಾರ್ಟ್ ಬಟನ್ನಿನ ಪಕ್ಕದಲ್ಲಿ ಕಾಂಟ್ಯಾಕ್ಟರಿನದೇ, ಅಂದರೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ರಿಲೇಯದೇ, ಒಂದು ಕಾಂಟ್ಯಾಕ್ಟ್ ಸಮಾನಾಂತರವಾಗಿ ಕೂತಿರುತ್ತದೆ, ಅದು ಆರ್ ಗೇಟ್. ಬಟನ್ ಬಿಟ್ಟ ಮೇಲೂ ಕಾಂಟ್ಯಾಕ್ಟರ್ ತನ್ನನ್ನು ತಾನೇ ಹಿಡಿದುಕೊಂಡಿರುವುದು ಅದರಿಂದಲೇ. ಇದಕ್ಕೆ ಲ್ಯಾಚ್ ಎನ್ನುತ್ತಾರೆ, ಒಂದು ಬಿಟ್‌ನ ನೆನಪು. ಕರೆಂಟ್ ಹೋದರೆ ಆ ನೆನಪು ಅಳಿಸಿಹೋಗುತ್ತದೆ, ಮತ್ತೆ ಕರೆಂಟ್ ಬಂದಾಗ ಮೋಟಾರ್ ತಾನಾಗಿ ತಿರುಗುವುದಿಲ್ಲ. ಒಂದು ಸಾಲು ಕೋಡ್ ಇಲ್ಲದೆ ಇಷ್ಟೂ ನಡೆಯುತ್ತಿದೆ. ಇದನ್ನು ಕಿತ್ತು ಹಾಕಿ ಎಲ್ಲವನ್ನೂ ಕೋಡ್‌ನಲ್ಲಿ ಹೊಸದಾಗಿ ಬರೆಯಲು ಹೋಗುವುದೇ ಬಹಳಷ್ಟು ಪ್ರಾಜೆಕ್ಟುಗಳ ಮೊದಲ ತಪ್ಪು.

1. ಕೆಲಸಗಳನ್ನು ಬಿಡಿಸಿ ಬರೆಯಿರಿ

“ಪಂಪ್ ಕಂಟ್ರೋಲ್” ಎಂಬುದು ಒಂದು ಕೆಲಸವಲ್ಲ, ಹತ್ತು ಕೆಲಸ. ಹಾಳೆಯೊಂದರಲ್ಲಿ ಅವನ್ನು ಬಿಡಿಬಿಡಿಯಾಗಿ ಬರೆಯಿರಿ. ಪ್ರತಿಯೊಂದರ ಮುಂದೆ ಮೂರು ವಿಷಯ ಇರಲಿ: ಎಷ್ಟು ಬೇಗ ಆಗಬೇಕು, ಆಗದಿದ್ದರೆ ಏನು ಹಾಳಾಗುತ್ತದೆ, ನಾಳೆ ಬದಲಾಗುತ್ತಾ.

ಮೆಸೇಜ್ ಕಳಿಸುವುದು ಹತ್ತು ಸೆಕೆಂಡ್ ತಡವಾದರೂ ನಷ್ಟವಿಲ್ಲ. ಆದರೆ ನಂಬರು, ಭಾಷೆ, ಮಾತು ಎಲ್ಲ ಬದಲಾಗುತ್ತಲೇ ಇರುತ್ತದೆ. ಅದು ಕೋಡ್‌ನದೇ ಕೆಲಸ. ನೀರು ತಳ ಕಂಡದ್ದು ಕೆಲವು ಸೆಕೆಂಡಿನಲ್ಲಿ ಗೊತ್ತಾದರೆ ಸಾಕು. ಗೊತ್ತಾಗದೇ ಹೋದರೆ ಮಾತ್ರ ಮೋಟಾರ್ ಸುಡುತ್ತದೆ. ಆಮೇಲೆ ಬೋರಿನಿಂದ ಮೋಟಾರ್ ಎತ್ತಿಸಬೇಕು, ವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಚಳ್ಳಕೆರೆ, ಹಿರಿಯೂರು ಕಡೆಯ ಆಳದ ಬೋರುಗಳಲ್ಲಿ ಇದು ಎಂಥ ಖರ್ಚು ಎಂದು ನಿಮಗೇ ಗೊತ್ತು. “ಕರೆಂಟ್ ಬಂದ ಮೇಲೆ ಎಷ್ಟು ನಿಮಿಷ ಬಿಟ್ಟು ಆನ್ ಮಾಡಬೇಕು” ಎಂಬ ಲೆಕ್ಕ ಪ್ರತಿ ತೋಟಕ್ಕೂ ಬೇರೆ, ಅದು ಖಂಡಿತ ಕೋಡ್‌ನಲ್ಲೇ ಇರಲಿ.

ಮೂರನೆಯ ವಿಷಯವನ್ನು ಸುಮ್ನೆ ತುಂಬಬೇಡಿ. ಬದಲಾಗುವ ನಿಯಮವನ್ನು ಗೇಟುಗಳಲ್ಲಿ ಕಟ್ಟಿದರೆ, ಪ್ರತಿ ಬದಲಾವಣೆಗೂ ಬೆಸುಗೆ ಹಿಡಿದು ತೋಟಕ್ಕೆ ಹೋಗಬೇಕಾಗುತ್ತದೆ.

2. ಸಮಯದ ಲೆಕ್ಕ ಹಾಕಿ

“ಫಾಸ್ಟ್ ಆಗಿ ಆಗಬೇಕು” ಎಂಬ ಮಾತು ಸಾಲದು. ಎಷ್ಟು ಫಾಸ್ಟ್ ಎಂದು ಸಂಖ್ಯೆ ಬರೆಯಿರಿ.

ಊನೋ ಬೋರ್ಡ್ 16 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ. ಒಂದು ಕ್ಲಾಕ್, ಅಂದರೆ ಚಿಪ್ಪಿನ ಒಂದು ಬಡಿತ, 62.5 ನ್ಯಾನೋಸೆಕೆಂಡ್. ನಮ್ಮ ಕರೆಂಟಿನ ಒಂದು ಸುತ್ತು, 50 ಹರ್ಟ್ಸ್‌ನಲ್ಲಿ, 20 ಮಿಲಿಸೆಕೆಂಡ್. ಆ ಒಂದು ಸುತ್ತು ಮುಗಿಯುವಷ್ಟರಲ್ಲಿ ಈ ಚಿಪ್ಪಿಗೆ 3,20,000 ಕ್ಲಾಕ್ ಸಿಗುತ್ತದೆ. ಅಂದರೆ ಫೇಸ್ ಇದೆಯೋ ಇಲ್ಲವೋ ನೋಡುವುದು, ಕರೆಂಟ್ ಎಷ್ಟು ಎಳೆಯುತ್ತಿದೆ ಎಂದು ಅಳೆಯುವುದು ಕೋಡ್‌ಗೆ ಆರಾಮದ ಕೆಲಸ. ಇದಕ್ಕೆ “ವೇಗ ಸಾಲದು” ಎಂದು ಹೊರಗಿನ ಗೇಟು ಹಾಕಬೇಡಿ.

ಈಗ ಇನ್ನೊಂದು ಕಡೆ ನೋಡಿ. ಸೋಲಾರ್ ಪಂಪಿನ ಡ್ರೈವ್ ಮಾಡುತ್ತಿದ್ದೀರಿ, ಐಜಿಬಿಟಿ ಎಂಬ ದೊಡ್ಡ ಸ್ವಿಚ್ಚಿಂಗ್ ಟ್ರಾನ್ಸಿಸ್ಟರ್ ಇದೆ ಎನ್ನಿ. ಔಟ್‌ಪುಟ್ ಶಾರ್ಟ್ ಆದರೆ ಅದು ತಾಳಿಕೊಳ್ಳುವುದು ಸಾಮಾನ್ಯವಾಗಿ 10 ಮೈಕ್ರೋಸೆಕೆಂಡ್ ಆಸುಪಾಸು ಮಾತ್ರ. ಊನೋದಲ್ಲಿ ಒಂದು ಅನಲಾಗ್‌ರೀಡ್, ಅಂದರೆ ಪಿನ್ನಿನ ವೋಲ್ಟೇಜ್ ಅಳೆಯುವ ಆದೇಶ, ಮುಗಿಯಲು 100 ಮೈಕ್ರೋಸೆಕೆಂಡಿಗಿಂತ ಜಾಸ್ತಿ ಬೇಕು. ಮೊದಲ ಅಳತೆ ಕೈಗೆ ಬರುವ ಮೊದಲೇ ಟ್ರಾನ್ಸಿಸ್ಟರ್ ಹೋಗಿರುತ್ತದೆ. ಇಲ್ಲಿ ಕೋಡ್ ಎಷ್ಟು ಚೆನ್ನಾಗಿ ಬರೆದರೂ ಪ್ರಯೋಜನವಿಲ್ಲ. ಕಂಪೇರೇಟರ್, ಅಂದರೆ ಎರಡು ವೋಲ್ಟೇಜ್ ಹೋಲಿಸಿ ಕೂಡಲೇ ಹೌದು ಅಲ್ಲ ಹೇಳುವ ಚಿಪ್, ಟ್ರಾನ್ಸಿಸ್ಟರನ್ನು ಆನ್ ಆಫ್ ಮಾಡುವ ಗೇಟ್ ಡ್ರೈವರನ್ನು ನೇರವಾಗಿ ಆಫ್ ಮಾಡಬೇಕು.

ಇವೆರಡರ ನಡುವೆ ಇರುವುದೇ ಕಷ್ಟದ ಜಾಗ. ಮೋಟಾರಿನ ಶಾಫ್ಟಿಗೆ ಸುತ್ತಿಗೆ 1024 ಪಲ್ಸ್ ಕೊಡುವ ಕ್ವಾಡ್ರೇಚರ್ ಎನ್‌ಕೋಡರ್ (ತಿರುಗುವುದನ್ನು ಎರಡು ತಂತಿಯಲ್ಲಿ ಪಲ್ಸ್ ಮಾಡಿ ಕೊಡುವ ಸೆನ್ಸರ್) ಹಾಕಿದ್ದೀರಿ, ವೇಗ ನಿಮಿಷಕ್ಕೆ 1500 ಸುತ್ತು. ಸೆಕೆಂಡಿಗೆ 25 ಸುತ್ತು, ಪ್ರತಿ ಪಲ್ಸಿಗೆ ನಾಲ್ಕು ಅಂಚು, ಅಂದರೆ ಸಿಗ್ನಲ್ ಏರುವ ಅಥವಾ ಇಳಿಯುವ ಕ್ಷಣ. ಒಟ್ಟು ಸೆಕೆಂಡಿಗೆ 1,02,400 ಅಂಚುಗಳು. ಪ್ರತಿ ಅಂಚಿಗೂ ಸಿಗುವುದು ಸುಮಾರು 156 ಕ್ಲಾಕ್. ಇಂಟರಪ್ಟಿಗೆ ಹೋಗಿ, ರಿಜಿಸ್ಟರ್ ಉಳಿಸಿ, ಎಣಿಸಿ, ವಾಪಸ್ ಬರುವುದರಲ್ಲೇ ಅದರ ದೊಡ್ಡ ಪಾಲು ಹೋಗುತ್ತದೆ. ಟೇಬಲ್ ಮೇಲೆ ಕೈಯಲ್ಲಿ ತಿರುಗಿಸಿದಾಗ ಸರಿಯಾಗಿ ಎಣಿಸುತ್ತದೆ, ಪೂರ್ತಿ ವೇಗಕ್ಕೆ ಬಂದಾಗ ಎಣಿಕೆ ತಪ್ಪುತ್ತದೆ. ಆಗ ಹುಡುಗರು ಸೆನ್ಸರ್ ಬದಲಿಸುತ್ತಾರೆ. ಸೆನ್ಸರಿನ ತಪ್ಪಲ್ಲ ಅದು.

ಇಲ್ಲೊಂದು ಎಚ್ಚರಿಕೆ. ಸರಾಸರಿ ಸಮಯ ನೋಡಬೇಡಿ, ಅತಿ ಕೆಟ್ಟ ಸಮಯ ನೋಡಿ. ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ಮುಖ್ಯ ಕೋಡ್, ಸಾಮಾನ್ಯವಾಗಿ 2 ಮಿಲಿಸೆಕೆಂಡಿನಲ್ಲಿ ಸುತ್ತುತ್ತಿರಬಹುದು. ಆದರೆ ಮೆಸೇಜ್ ಕಳಿಸುವ ಜಿಎಸ್‌ಎಂ ಮಾಡ್ಯೂಲಿನ ಉತ್ತರಕ್ಕೆ ಕಾಯುತ್ತಾ ಎರಡು ಸೆಕೆಂಡ್ ನಿಂತರೆ ನಿಮ್ಮ ಸಮಯ ಎರಡು ಸೆಕೆಂಡೇ. ಸಣ್ಣ ಪೈಪಿಗೆ ಹಾಕುವ ವೈಎಫ್-ಎಸ್201 ಫ್ಲೋ ಸೆನ್ಸರ್ ನಿಮಿಷಕ್ಕೆ 30 ಲೀಟರ್ ಹರಿದಾಗ ಸೆಕೆಂಡಿಗೆ ಸುಮಾರು 225 ಪಲ್ಸ್ ಕೊಡುತ್ತದೆ. ಅದನ್ನು ಲೂಪಿನಲ್ಲಿ ನೋಡಿ ಎಣಿಸುತ್ತಿದ್ದರೆ ಒಂದು ಮೆಸೇಜ್ ಹೋಗುವಷ್ಟರಲ್ಲಿ 450 ಪಲ್ಸ್, ಅಂದರೆ ಒಂದು ಲೀಟರ್ ಲೆಕ್ಕ ತಪ್ಪಿತು. ಇಂಟರಪ್ಟಿನಲ್ಲಿ ಎಣಿಸಿದರೆ ಈ ತೊಂದರೆಯೇ ಇಲ್ಲ.

3. ಚಿಪ್ ಸತ್ತರೆ ಏನಾಗುತ್ತದೆ ಎಂದು ಕೇಳಿ

ನನಗೆ ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ.

ಚಿಪ್ ಮೂರು ರೀತಿಯಲ್ಲಿ ಕೈಕೊಡುತ್ತದೆ. ರೀಸೆಟ್ ಆಗಬಹುದು. ಲೂಪಿನಲ್ಲಿ ಸಿಕ್ಕಿಕೊಂಡು ಹ್ಯಾಂಗ್ ಆಗಬಹುದು. ಪೂರ್ತಿ ಸುಟ್ಟುಹೋಗಬಹುದು. ಮೂರರಲ್ಲೂ ಮೋಟಾರ್ ಏನು ಮಾಡುತ್ತದೆ ಎಂದು ಒಂದೊಂದಾಗಿ ಬರೆಯಿರಿ.

ರೀಸೆಟ್ ನೀವು ಅಂದುಕೊಂಡಷ್ಟು ಅಪರೂಪವಲ್ಲ. ಸಿಮ್800ಎಲ್‌ನಂಥ ಜಿಎಸ್‌ಎಂ ಮಾಡ್ಯೂಲ್ ಸಿಗ್ನಲ್ ಕಳಿಸುವಾಗ ಕ್ಷಣಮಾತ್ರಕ್ಕೆ 2 ಆಂಪಿಯರ್‌ವರೆಗೆ ಎಳೆಯುತ್ತದೆ. ಅದೇ ಸಪ್ಲೈಯಿಂದ ಮೈಕ್ರೋಕಂಟ್ರೋಲರಿಗೂ ಕೊಟ್ಟಿದ್ದರೆ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. ಮೆಸೇಜ್ ಹೋಗುವ ಹೊತ್ತಿಗೆ ಮೋಟಾರ್ ಟಕ್ ಎಂದು ಬಿದ್ದು ಎದ್ದರೆ ಕೋಡ್ ಹುಡುಕಬೇಡಿ, ಸಪ್ಲೈ ನೋಡಿ. ಮಾಡ್ಯೂಲಿಗೆ ಬೇರೆ ಸಪ್ಲೈ ಕೊಡಿ, ಅದರ ಕಾಲ ಹತ್ತಿರವೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಇಡಿ.

ರೀಸೆಟ್ ಆದಾಗ ಎಟಿಮೆಗಾ328ಪಿ ಪಿನ್ನುಗಳೆಲ್ಲ ಇನ್‌ಪುಟ್ ಆಗಿಬಿಡುತ್ತವೆ, ಮೇಲೂ ಇಲ್ಲ ಕೆಳಗೂ ಇಲ್ಲದೆ ತೇಲುತ್ತಿರುತ್ತವೆ. ಆ ಪಿನ್ನು ಮಾಸ್‌ಫೆಟ್ ಎಂಬ ಸ್ವಿಚ್ಚಿಂಗ್ ಟ್ರಾನ್ಸಿಸ್ಟರಿನ ಗೇಟಿಗೆ (ಲಾಜಿಕ್ ಗೇಟಲ್ಲ, ಅದನ್ನು ಆನ್ ಆಫ್ ಮಾಡುವ ಕಾಲು) ಹೋಗಿದ್ದರೆ ರಿಲೇ ಆನ್ ಆಗಬಹುದು, ಆಗದಿರಬಹುದು. 10 ಕಿಲೋಓಮ್ ರೆಸಿಸ್ಟರ್ ಒಂದನ್ನು ಗೇಟಿನಿಂದ ಗ್ರೌಂಡಿಗೆ ಹಾಕಿ. ಇದಕ್ಕೆ ಪುಲ್‌ಡೌನ್ ಎನ್ನುತ್ತಾರೆ. ಇದನ್ನು ಕೋಡ್‌ನಲ್ಲಿ ಮಾಡಲಾಗುವುದಿಲ್ಲ, ಏಕೆಂದರೆ ಆ ಹೊತ್ತಿನಲ್ಲಿ ಕೋಡೇ ಓಡುತ್ತಿಲ್ಲ.

ರೆಡಿಮೇಡ್ ರಿಲೇ ಬೋರ್ಡುಗಳಲ್ಲಿ ಇನ್ನೊಂದು ಮೋಸ ಇದೆ. ಬಹಳಷ್ಟು ಬೋರ್ಡುಗಳು ಪಿನ್ ಲೋ ಆದಾಗ ಆನ್ ಆಗುತ್ತವೆ. ಊನೋದಲ್ಲಿ ಪಿನ್ನನ್ನು ಔಟ್‌ಪುಟ್ ಮಾಡಿದ ಕ್ಷಣ ಅದು ಲೋ. ಆಮೇಲೆ ನೀವು ಹೈ ಬರೆಯುವಷ್ಟರಲ್ಲಿ ರಿಲೇಗೆ ಒಂದು ಏಟು ಬಿದ್ದಿರುತ್ತದೆ. ಮೊದಲು ಹೈ ಬರೆದು ಆಮೇಲೆ ಔಟ್‌ಪುಟ್ ಮಾಡಿ. ಇಎಸ್‌ಪಿ32 ಎಂಬ ಇನ್ನೊಂದು ಮೈಕ್ರೋಕಂಟ್ರೋಲರಿನಲ್ಲಿ ಕೆಲವು ಪಿನ್ನುಗಳ ಮಟ್ಟವನ್ನು ಚಿಪ್ ಬೂಟ್ ಆಗುವಾಗ ಓದುತ್ತದೆ, ಕೆಲವು ಬೂಟ್ ಹೊತ್ತಿನಲ್ಲಿ ತಾವೇ ಅಲುಗಾಡುತ್ತವೆ. 0, 2, 5, 12, 15ನೇ ಪಿನ್ನುಗಳನ್ನು ಮೋಟಾರ್ ಕೆಲಸಕ್ಕೆ ಇಡಬೇಡಿ.

ಈಗ ಜೋಡಣೆ. ಹಳೆ ಸ್ಟಾರ್ಟರನ್ನು ಹಾಗೇ ಬಿಡಿ. ನಿಮ್ಮ ಕಂಟ್ರೋಲರಿಗೆ ಎರಡು ರಿಲೇ ಕೊಡಿ. ಒಂದರ ಕಾಂಟ್ಯಾಕ್ಟ್ ಸ್ಟಾರ್ಟ್ ಬಟನ್ನಿಗೆ ಸಮಾನಾಂತರ, ಅದು ಒಂದು ಸೆಕೆಂಡ್ ಒತ್ತಿ ಬಿಡುತ್ತದೆ. ಇನ್ನೊಂದರ ನಾರ್ಮಲಿ ಓಪನ್ (ರಿಲೇ ಎಳೆದಾಗ ಮಾತ್ರ ಮುಚ್ಚುವ) ಕಾಂಟ್ಯಾಕ್ಟ್ ಸ್ಟಾಪ್ ಬಟನ್ನಿನ ಸಾಲಿನಲ್ಲಿ. ಇದನ್ನು ಅನುಮತಿ ರಿಲೇ ಎಂದು ಕರೆಯೋಣ. ಕಂಟ್ರೋಲರ್ ಎದ್ದು ನಿಂತು ರಿಲೇಯನ್ನು ಎಳೆದುಕೊಂಡಿದ್ದರೆ ಮಾತ್ರ ಮೋಟಾರ್ ಓಡುತ್ತದೆ. ಚಿಪ್ ಸುಟ್ಟರೆ ರಿಲೇ ಬಿಡುತ್ತದೆ, ಮೋಟಾರ್ ನಿಲ್ಲುತ್ತದೆ. ಓವರ್‌ಲೋಡ್ ರಿಲೇ, ಕೆಂಪು ಸ್ಟಾಪ್ ಬಟನ್ ಎರಡೂ ಕೋಡನ್ನು ಕೇಳದೆ ಕೆಲಸ ಮಾಡುತ್ತವೆ. ಕಂಟ್ರೋಲರ್ ಕೆಟ್ಟ ದಿನ ತೋಟಕ್ಕೆ ನೀರು ಬೇಕೆಂದರೆ ಅನುಮತಿ ರಿಲೇಯನ್ನು ಬೈಪಾಸ್ ಮಾಡುವ ಒಂದು ಕೈ ಸ್ವಿಚ್ ಇಡಿ, ಅದರ ಮೇಲೆ ದೊಡ್ಡದಾಗಿ ಬರೆಯಿರಿ.

ಒಂದು ಅಪಾಯವನ್ನು ಇಲ್ಲೇ ಹೇಳಬೇಕು. ಸ್ಟಾರ್ಟರಿನ ಕಾಯಿಲ್ ಎರಡು ಫೇಸ್ ನಡುವೆ ಇದ್ದರೆ ಅಲ್ಲಿರುವುದು 415 ವೋಲ್ಟ್. ಅಂಗಡಿಯಲ್ಲಿ ಸಿಗುವ ಸಣ್ಣ ನೀಲಿ ರಿಲೇ 250 ವೋಲ್ಟಿಗೆ ಮಾಡಿದ್ದು. ಅದರ ಮೂಲಕ 415 ವೋಲ್ಟ್ ಹಾಯಿಸಬೇಡಿ. ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಹಾಕಿ ಕಾಯಿಲ್ ವೋಲ್ಟೇಜ್ ಇಳಿಸಿ, ಅಥವಾ ನಡುವೆ ಸರಿಯಾದ ರೇಟಿಂಗಿನ ಆಕ್ಸಿಲರಿ ಕಾಂಟ್ಯಾಕ್ಟರ್ ಇಡಿ. ಡಬ್ಬಿಯೊಳಗಿನ ಕೆಲಸವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಹ್ಯಾಂಗ್ ಆಗುವುದು ಉಳಿಯಿತು. ಕೋಡ್ ಸಿಕ್ಕಿಕೊಂಡಾಗ ಪಿನ್ ಹೈ ಆಗಿಯೇ ನಿಂತಿದ್ದರೆ ಅನುಮತಿ ರಿಲೇಯೂ ಹಿಡಿದುಕೊಂಡೇ ಇರುತ್ತದೆ, ಬೋರು ಒಣಗಿದರೂ ಮೋಟಾರ್ ಓಡುತ್ತದೆ. ಇದಕ್ಕೊಂದು ಸರಳ ಉಪಾಯ ಇದೆ. ಪಿನ್ ಹೈ ಇರುವುದರಿಂದ ರಿಲೇ ಆನ್ ಆಗಬಾರದು, ಪಿನ್ ಮೇಲೆ ಕೆಳಗೆ ಬಡಿಯುತ್ತಲೇ ಇದ್ದರೆ ಮಾತ್ರ ಆನ್ ಆಗಬೇಕು.

ಕಟ್ಟುವುದು ಹೀಗೆ. ಪಿನ್ನಿನಿಂದ 220 ಓಮ್ ರೆಸಿಸ್ಟರ್, ಅದರ ಮುಂದೆ 1 ಮೈಕ್ರೋಫ್ಯಾರಡ್ ಕೆಪಾಸಿಟರ್. ಕೆಪಾಸಿಟರಿನ ಆಚೆ ಬದಿಗೆ ಎರಡು 1ಎನ್4148 ಡಯೋಡ್. ಒಂದು ಗ್ರೌಂಡಿನಿಂದ ಮೇಲಕ್ಕೆ, ಇನ್ನೊಂದು ಮುಂದಕ್ಕೆ. ಮುಂದಿನ ಡಯೋಡಿನ ಆಚೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 100 ಕಿಲೋಓಮ್ ರೆಸಿಸ್ಟರ್, ಎರಡೂ ಗ್ರೌಂಡಿಗೆ. ಆ ಜಾಗವೇ ಐಆರ್‌ಎಲ್‌ಝಡ್44ಎನ್‌ನಂಥ ಲಾಜಿಕ್ ಲೆವೆಲ್ ಮಾಸ್‌ಫೆಟ್‌ನ ಗೇಟಿಗೆ ಹೋಗುತ್ತದೆ, ಮಾಸ್‌ಫೆಟ್ ರಿಲೇ ಎಳೆಯುತ್ತದೆ. ರಿಲೇ ಕಾಯಿಲಿಗೆ ಅಡ್ಡಲಾಗಿ 1ಎನ್4007 ಮರೆಯಬೇಡಿ. 5 ವೋಲ್ಟಿನ ಪಿನ್ ಸೆಕೆಂಡಿಗೆ ನೂರು ಸಲ ಬಡಿದರೂ ಗೇಟಿನಲ್ಲಿ ಮೂರು ವೋಲ್ಟಿಗಿಂತ ಜಾಸ್ತಿ ನಿಲ್ಲುತ್ತದೆ. ಪಿನ್ ಹೈ ಆಗಿ ನಿಂತರೂ ಲೋ ಆಗಿ ನಿಂತರೂ ಮೊದಲ ಕೆಪಾಸಿಟರ್ ದಾಟಿ ಏನೂ ಬರುವುದಿಲ್ಲ. 100 ಕಿಲೋಓಮ್ ಉಳಿದದ್ದನ್ನು ಖಾಲಿ ಮಾಡುತ್ತದೆ, ಸುಮಾರು ಒಂದು ಸೆಕೆಂಡಿನಲ್ಲಿ ರಿಲೇ ಬಿಡುತ್ತದೆ. 3.3 ವೋಲ್ಟಿನ ಬೋರ್ಡಾದರೆ ಈ ಮಾಸ್‌ಫೆಟ್ ಸರಿಯಾಗಿ ತೆರೆಯುವುದಿಲ್ಲ, ಮೊದಲು ಪಲ್ಸನ್ನು 5 ವೋಲ್ಟಿಗೆ ಏರಿಸಿ.

ಆ ಬಡಿತವನ್ನು ಎಲ್ಲಿಂದ ಕೊಡುತ್ತೀರಿ ಎಂಬುದರಲ್ಲೇ ಎಲ್ಲ ಇದೆ. ಪಿಡಬ್ಲ್ಯುಎಂ ಪಿನ್ನಿನಿಂದ, ಅಂದರೆ ತಾನಾಗಿ ಪಲ್ಸ್ ಹೊರಡಿಸುವ ಪಿನ್ನಿನಿಂದ, ಕೊಡಬೇಡಿ. ಅದು ಟೈಮರಿನ ಕೆಲಸ, ಪ್ರೋಗ್ರಾಂ ಸತ್ತರೂ ಅದು ಬಡಿಯುತ್ತಲೇ ಇರುತ್ತದೆ. ಟೈಮರ್ ಇಂಟರಪ್ಟಿನಿಂದಲೂ ಬೇಡ, ಮೇನ್ ಲೂಪ್ ಸಿಕ್ಕಿಕೊಂಡರೂ ಇಂಟರಪ್ಟ್ ನಡೆಯುತ್ತದೆ. ಫೇಸ್ ನೋಡಿದ ಮೇಲೆ, ಕರೆಂಟ್ ಅಳೆದ ಮೇಲೆ, ಎಲ್ಲ ಸರಿ ಇದ್ದರೆ ಮಾತ್ರ, ಲೂಪಿನ ಕೊನೆಯಲ್ಲಿ ಒಂದು ಸಲ ಪಿನ್ ತಿರುಗಿಸಿ. ಹಾಗೆ ಬರೆದಾಗ ಜಿಎಸ್‌ಎಂ ಉತ್ತರಕ್ಕೆ ಲೂಪ್ ನಿಲ್ಲಿಸಿ ಕಾಯುವಂತಿಲ್ಲ. ಕೋಡನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯಬೇಕಾಗುತ್ತದೆ. ಅದು ಹೇಗೂ ಒಳ್ಳೆಯದೇ.

ಇದರ ಜೊತೆಗೆ ಚಿಪ್ಪಿನೊಳಗಿನ ವಾಚ್‌ಡಾಗ್ ಟೈಮರನ್ನೂ ಆನ್ ಮಾಡಿ. ಕೋಡ್ ನಿಗದಿತ ಸಮಯದೊಳಗೆ ಅದಕ್ಕೆ ಸದ್ದು ಕೊಡದಿದ್ದರೆ ಅದು ಚಿಪ್ಪನ್ನು ರೀಸೆಟ್ ಮಾಡುತ್ತದೆ. ಎಟಿಮೆಗಾ328ಪಿಯಲ್ಲಿ ಗರಿಷ್ಠ 8 ಸೆಕೆಂಡ್ ಇಡಬಹುದು. ಹಳೆ ಬೂಟ್‌ಲೋಡರ್ (ಚಿಪ್ ಎದ್ದಾಗ ಮೊದಲು ಓಡುವ ಸಣ್ಣ ಪ್ರೋಗ್ರಾಂ) ಇರುವ ಕೆಲವು ನ್ಯಾನೋ ಬೋರ್ಡುಗಳು ವಾಚ್‌ಡಾಗ್ ರೀಸೆಟ್ ಆದ ಮೇಲೆ ಮತ್ತೆ ಮತ್ತೆ ರೀಸೆಟ್ ಆಗುತ್ತಲೇ ಇರುತ್ತವೆ. ತೋಟಕ್ಕೆ ಒಯ್ಯುವ ಮೊದಲು ಮನೆಯಲ್ಲೇ ನೋಡಿಕೊಳ್ಳಿ.

ಇನ್ನು ಸ್ಟಾರ್ ಡೆಲ್ಟಾ ಸ್ಟಾರ್ಟರ್, ಮೋಟಾರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಶುರು ಮಾಡಿ ಆಮೇಲೆ ಡೆಲ್ಟಾ ಜೋಡಣೆಗೆ ಬದಲಿಸುವುದು. ಅದರಲ್ಲಿ ಸ್ಟಾರ್ ಕಾಂಟ್ಯಾಕ್ಟರ್, ಡೆಲ್ಟಾ ಕಾಂಟ್ಯಾಕ್ಟರ್ ಒಟ್ಟಿಗೆ ಎಳೆದುಕೊಂಡರೆ ಫೇಸ್‌ಗಳು ನೇರ ಶಾರ್ಟ್. ಒಂದರ ಕಾಯಿಲ್ ಸಾಲಿನಲ್ಲಿ ಇನ್ನೊಂದರ ನಾರ್ಮಲಿ ಕ್ಲೋಸ್ಡ್ (ಎಳೆದಾಗ ತೆರೆದುಕೊಳ್ಳುವ) ಕಾಂಟ್ಯಾಕ್ಟ್ ಇರಲೇಬೇಕು. ಇದಕ್ಕೆ ಇಂಟರ್‌ಲಾಕ್ ಎನ್ನುತ್ತಾರೆ. “ಕೋಡ್‌ನಲ್ಲಿ ಇಫ್ ಹಾಕಿದ್ದೇನಲ್ಲ” ಎಂಬ ಉತ್ತರ ಇಲ್ಲಿ ನಡೆಯುವುದಿಲ್ಲ. ಕೆನಡಾದಲ್ಲಿ ತಯಾರಾದ ಥೆರಾಕ್-25 ಎಂಬ ಕ್ಯಾನ್ಸರ್ ಚಿಕಿತ್ಸೆಯ ಯಂತ್ರದಲ್ಲಿ ಹೀಗೇ ಆಯಿತು. ಹಿಂದಿನ ಮಾದರಿಯಲ್ಲಿದ್ದ ಹಾರ್ಡ್‌ವೇರ್ ಇಂಟರ್‌ಲಾಕ್‌ಗಳನ್ನು ತೆಗೆದು ಸುರಕ್ಷತೆಯನ್ನು ಸಾಫ್ಟ್‌ವೇರ್ ಮೇಲೆ ಬಿಟ್ಟರು. 1985ರಿಂದ 1987ರ ನಡುವೆ ಆರು ರೋಗಿಗಳಿಗೆ ವಿಪರೀತ ವಿಕಿರಣ ಬಿತ್ತು, ಕೆಲವರು ಸತ್ತರು. ಅಂಥ ತಪ್ಪು ಹಿಂದಿನ ಮಾದರಿಯ ಕೋಡ್‌ನಲ್ಲೂ ಇತ್ತು. ಅಲ್ಲಿ ಫ್ಯೂಸ್ ಹೋಗುತ್ತಿತ್ತು, ರೋಗಿ ಉಳಿಯುತ್ತಿದ್ದ.

4. ಚಿಪ್ಪಿನೊಳಗೇ ಇರುವ ಹಾರ್ಡ್‌ವೇರ್ ಹುಡುಕಿ

ಕೋಡ್ ಸಾಲದು ಎಂದ ಕೂಡಲೇ ಅಂಗಡಿಗೆ ಓಡಬೇಡಿ. ನೀವು ಆಗಲೇ ದುಡ್ಡು ಕೊಟ್ಟು ತಂದಿರುವ ಚಿಪ್ಪಿನಲ್ಲಿ ಹಾರ್ಡ್‌ವೇರ್ ಲಾಜಿಕ್ ತುಂಬಾ ಇದೆ. ಇದಕ್ಕೆ ಪೆರಿಫೆರಲ್ ಎನ್ನುತ್ತಾರೆ. ಡೇಟಾಶೀಟ್ ಓದದೆ ಇರುವುದರಿಂದ ಅದು ಬಳಕೆಯಾಗದೆ ಉಳಿಯುತ್ತದೆ, ಅಷ್ಟೇ.

ಪಲ್ಸಿನ ಸಮಯವನ್ನು ನಿಖರವಾಗಿ ಅಳೆಯಬೇಕಾ? ಊನೋದ 8ನೇ ಪಿನ್ನಿನಲ್ಲಿ ಇನ್‌ಪುಟ್ ಕ್ಯಾಪ್ಚರ್ ಇದೆ. ಅಂಚು ಬಂದ ಕ್ಷಣವೇ ಟೈಮರಿನ ಸಂಖ್ಯೆಯನ್ನು ಹಾರ್ಡ್‌ವೇರ್ ಹಿಡಿದಿಡುತ್ತದೆ. ಕೋಡ್ ಸ್ವಲ್ಪ ತಡವಾಗಿ ಬಂದು ಓದಿದರೂ ಸಂಖ್ಯೆ ಸರಿಯೇ. ಎನ್‌ಕೋಡರ್ ಎಣಿಸಬೇಕಾ? ಎಸ್‌ಟಿಎಂ32 ಎಂಬ ಮೈಕ್ರೋಕಂಟ್ರೋಲರಿನ ಹಲವು ಟೈಮರುಗಳಲ್ಲಿ ಎನ್‌ಕೋಡರ್ ಮೋಡ್ ಇದೆ. ಮೇಲೆ ಹೇಳಿದ ಆ ಲಕ್ಷ ಅಂಚುಗಳನ್ನು ಪ್ರೊಸೆಸರಿನ ಒಂದು ಕ್ಲಾಕನ್ನೂ ಬಳಸದೆ ಎಣಿಸುತ್ತದೆ. ಬ್ರಿಡ್ಜಿನ ಮೇಲಿನ, ಕೆಳಗಿನ ಸ್ವಿಚ್ ಒಟ್ಟಿಗೆ ಆನ್ ಆಗದಂತೆ ನಡುವೆ ಬಿಡುವು ಬೇಕಾ? ಅದೇ ಎಸ್‌ಟಿಎಂ32ರ ಟೈಮರ್ 1ರಲ್ಲಿ ಡೆಡ್ ಟೈಮ್ ಇದೆ, ಜೊತೆಗೆ ಬ್ರೇಕ್ ಇನ್‌ಪುಟ್ ಇದೆ. ಕಂಪೇರೇಟರಿನ ತಂತಿಯನ್ನು ಅಲ್ಲಿಗೆ ಕೊಟ್ಟರೆ ಕೋಡನ್ನು ಕೇಳದೆ ಔಟ್‌ಪುಟ್ ಆಫ್ ಆಗುತ್ತದೆ. ಎರಡನೇ ಹಂತದ ಐಜಿಬಿಟಿಗೆ ಇದೇ ಸರಿಯಾದ ದಾರಿ.

ಸ್ವಂತ ಸಿಗ್ನಲ್ ಮಾಡಬೇಕಾದವರಿಗೆ 2021ರಲ್ಲಿ ಬಂದ ಆರ್‌ಪಿ2040 ಚಿಪ್ ನೋಡಲು ಹೇಳುತ್ತೇನೆ, ಅಂದರೆ ರಾಸ್ಪ್‌ಬೆರಿ ಪೈ ಪೀಕೋ. ಅದರಲ್ಲಿ ಪಿಐಓ ಎಂಬ ಎಂಟು ಪುಟ್ಟ ಸ್ಟೇಟ್ ಮೆಷಿನ್‌ಗಳಿವೆ. ಮುಖ್ಯ ಪ್ರೊಸೆಸರ್ ಏನೇ ಮಾಡುತ್ತಿರಲಿ, ಇವು ಪಿನ್ನುಗಳನ್ನು ಕ್ಲಾಕಿಗೆ ಸರಿಯಾಗಿ ಆಡಿಸುತ್ತವೆ. ಬಣ್ಣದ ಡಬ್ಲ್ಯುಎಸ್2812 ಎಲ್‌ಇಡಿಗೆ ಒಂದು ಬಿಟ್ ಕಳಿಸಲು 1.25 ಮೈಕ್ರೋಸೆಕೆಂಡ್ ಮಾತ್ರ. ಊನೋದಲ್ಲಿ ಇಂಟರಪ್ಟ್ ಎಲ್ಲ ನಿಲ್ಲಿಸಿ ಮಾಡಬೇಕಾದ ಕೆಲಸವದು, ಪೀಕೋದಲ್ಲಿ ಪಿಐಓ ಪಾಡಿಗೆ ಅದು ನಡೆಯುತ್ತದೆ. ಎಟಿಮೆಗಾ4809ರಲ್ಲಿ ಸಿಸಿಎಲ್, ಹಲವು ಪಿಕ್ ಚಿಪ್ಪುಗಳಲ್ಲಿ ಸಿಎಲ್‌ಸಿ ಎಂಬ ಹೆಸರಿನಲ್ಲಿ ಒಂದಷ್ಟು ಗೇಟುಗಳೇ ಚಿಪ್ಪಿನೊಳಗೆ ಇವೆ. ಆ್ಯಂಡ್, ಆರ್ ಬೇಕೆಂದರೆ ಹೊರಗಿನ ಐಸಿ ಬೇಡ.

5. ಹೊರಗಿನ ಐಸಿ ಯಾವಾಗ?

ಚಿಪ್ಪಿನ ಪಿನ್ನಿಗೆ ಬರುವ ಮೊದಲೇ ಕೆಡುವ ಸಿಗ್ನಲ್ಲನ್ನು ಕೋಡ್ ಸರಿಮಾಡಲಾರದು. ಟ್ಯಾಂಕಿನಿಂದ ಮೋಟಾರ್ ಮನೆಗೆ ನೂರಾರು ಅಡಿ ವೈರ್ ಎಳೆದಿದ್ದೀರಿ, ಪಕ್ಕದಲ್ಲೇ ಮೋಟಾರ್ ಕೇಬಲ್ ಹೋಗಿದೆ. ಕಾಂಟ್ಯಾಕ್ಟರ್ ಬಿದ್ದಾಗೆಲ್ಲ ಆ ವೈರಿನಲ್ಲಿ ಸ್ಪೈಕ್ ಏಳುತ್ತದೆ. ಅಲ್ಲಿ ಆಪ್ಟೋಕಪ್ಲರ್, ಅಂದರೆ ತಂತಿ ತಾಗದೆ ಬೆಳಕಿನಿಂದ ಸಿಗ್ನಲ್ ದಾಟಿಸುವ ಚಿಪ್, ಹಾಕಿ. ಅದರ ಆಚೆ 10 ಕಿಲೋಓಮ್, 1 ಮೈಕ್ರೋಫ್ಯಾರಡ್ ಫಿಲ್ಟರ್, ಆಮೇಲೆ 74ಎಚ್‌ಸಿ14. ಈ ಐಸಿಯಲ್ಲಿರುವುದು ಶ್ಮಿಟ್ ಟ್ರಿಗರ್. ಆನ್ ಆಗುವ ಮಟ್ಟ, ಆಫ್ ಆಗುವ ಮಟ್ಟ ಬೇರೆ ಬೇರೆ ಇರುವುದರಿಂದ ನಿಧಾನ ಏರುವ ಸಿಗ್ನಲ್ ನಡುವಿನಲ್ಲಿ ತಡವರಿಸುವುದಿಲ್ಲ.

ಆದರೆ ಬರೀ ಬಟನ್ನಿನ ಬೌನ್ಸ್, ಅಂದರೆ ಒಂದು ಸಲ ಒತ್ತಿದರೆ ಹಲವು ಸಲ ತಾಗಿದಂತೆ ಕಾಣುವುದು, ಅದಕ್ಕೆ ಐಸಿ ಬೇಡ. ಬಟನ್ ಬೋರ್ಡಿನ ಮೇಲೇ ಇದ್ದರೆ ಕೋಡ್‌ನಲ್ಲಿ 20 ಮಿಲಿಸೆಕೆಂಡ್ ಕಾದು ನೋಡಿದರೆ ಮುಗಿಯಿತು. ಟ್ಯಾಂಕಿನ ಫ್ಲೋಟ್ ಸ್ವಿಚ್ಚಿಗೆ ಮೂರು ಸೆಕೆಂಡ್ ಕಾಯಿರಿ, ನೀರಿನ ಅಲೆಗೆ ಅದು ಆಡುತ್ತಿರುತ್ತದೆ. ಅಷ್ಟು ಹೊತ್ತನ್ನು ಕೆಪಾಸಿಟರಿನಲ್ಲಿ ತರಲು ಹೋಗುವುದು ದಂಡ.

ಗೇಟು ಐಸಿ ಹಾಕುವಾಗ ಬಳಸದ ಇನ್‌ಪುಟ್‌ಗಳನ್ನು ತೇಲಲು ಬಿಡಬೇಡಿ, ಗ್ರೌಂಡಿಗೋ ಸಪ್ಲೈಗೋ ಕಟ್ಟಿ. ಪ್ರತಿ ಐಸಿ ಪಕ್ಕ 0.1 ಮೈಕ್ರೋಫ್ಯಾರಡ್ ಇರಲಿ. ಇಎಸ್‌ಪಿ32ರ 3.3 ವೋಲ್ಟ್ ಸಿಗ್ನಲ್ಲನ್ನು 5 ವೋಲ್ಟಿನಲ್ಲಿ ಓಡುವ 74ಎಚ್‌ಸಿಗೆ ಕೊಟ್ಟರೆ ಒಮ್ಮೆ ಓದುತ್ತದೆ, ಒಮ್ಮೆ ಇಲ್ಲ. ಅದಕ್ಕೆ ಹೈ ಎನಿಸಲು ಸುಮಾರು 3.5 ವೋಲ್ಟ್ ಬೇಕು. 74ಎಚ್‌ಸಿಟಿ ತನ್ನಿ, ಅದಕ್ಕೆ 2 ವೋಲ್ಟ್ ಸಾಕು.

ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿ. ಕೆಟ್ಟ ದಿನ ಇದನ್ನು ರಿಪೇರಿ ಮಾಡುವವರು ಯಾರು? ಕಾಂಟ್ಯಾಕ್ಟರ್, ಟೈಮರ್ ರಿಲೇ ಆದರೆ ಊರಿನ ಎಲೆಕ್ಟ್ರಿಷಿಯನ್ನೇ ನೋಡಿ ಸರಿಮಾಡುತ್ತಾರೆ. ಅಪರೂಪದ ಐಸಿ ಆದರೆ ಆರ್ಡರ್ ಹಾಕಿ ಕಾಯಬೇಕು, ಇಲ್ಲವೇ ಯಾರಾದರೂ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಬೇಕು. ಅಷ್ಟರಲ್ಲಿ ತೋಟ ಬಾಡುತ್ತದೆ. ಎರಡು ಆಯ್ಕೆ ಸಮ ಇದ್ದಾಗ ನಾನು ಊರಲ್ಲಿ ರಿಪೇರಿ ಆಗುವುದನ್ನೇ ಆರಿಸುತ್ತೇನೆ.

6. ಎಫ್‌ಪಿಜಿಎ ಬೇಕಾ?

ಎಫ್‌ಪಿಜಿಎ ಎಂದರೆ ಒಳಗಿನ ಗೇಟುಗಳ ಜೋಡಣೆಯನ್ನು ನೀವೇ ಬರೆದು ತುಂಬಬಹುದಾದ ಚಿಪ್. ಪಂಪಿಗೆ ಬೇಡ. ಕ್ಯಾಮೆರಾ ಚಿತ್ರ ಹರಿದು ಬರುವಾಗಲೇ ಸಂಸ್ಕರಿಸುವುದು, ಹತ್ತಾರು ಸಿಗ್ನಲ್ಲುಗಳನ್ನು ನ್ಯಾನೋಸೆಕೆಂಡ್ ಮಟ್ಟದಲ್ಲಿ ಒಟ್ಟಿಗೆ ನೋಡುವುದು, ಇಂಥದ್ದಿದ್ದರೆ ಬೇಕು. ಕಲಿಯಲು ಟ್ಯಾಂಗ್ ನ್ಯಾನೋದಂಥ ಸಣ್ಣ ಬೋರ್ಡ್ ಧಾರಾಳ ಸಾಕು.

ಎಫ್‌ಪಿಜಿಎಗೆ ಬರೆಯುವ ವೆರಿಲಾಗ್ ಭಾಷೆ ನೋಡಲು ಸಿ ಭಾಷೆಯಂತೆ ಇದೆ. ಅದನ್ನು ಪ್ರೋಗ್ರಾಂ ಎಂದುಕೊಂಡು ಬರೆದರೆ ಕೆಡುತ್ತೀರಿ. ಅಲ್ಲಿ ಬರೆದ ಸಾಲುಗಳು ಒಂದಾದ ಮೇಲೆ ಒಂದು ನಡೆಯುವುದಿಲ್ಲ, ಅಕ್ಕಪಕ್ಕ ಕೂತ ಸರ್ಕ್ಯೂಟುಗಳಾಗುತ್ತವೆ. ಹೊರಗಿನಿಂದ ಬರುವ ಪ್ರತಿ ಸಿಗ್ನಲ್ಲನ್ನೂ ಎರಡು ಫ್ಲಿಪ್‌ಫ್ಲಾಪ್ (ಕ್ಲಾಕ್ ಬಡಿದಾಗ ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ದಾಟಿಸಿ ಒಳಗೆ ಬಿಡಿ. ಇಲ್ಲದಿದ್ದರೆ ಕ್ಲಾಕ್ ಬದಲಾಗುವ ಕ್ಷಣದಲ್ಲೇ ಸಿಗ್ನಲ್ ಬದಲಾದಾಗ ಸರ್ಕ್ಯೂಟ್ ಅರ್ಧಂಬರ್ಧ ಸ್ಥಿತಿಗೆ ಬೀಳುತ್ತದೆ, ಯಾವಾಗಲೋ ಒಮ್ಮೆ ಮಾತ್ರ ಕಾಣುವ ತಪ್ಪು ಅದು.

7. ಬೇಕೆಂದೇ ಕೆಡಿಸಿ ನೋಡಿ

ಸರಿಯಾಗಿ ಓಡುವುದನ್ನು ತೋರಿಸುವುದು ಪರೀಕ್ಷೆಯಲ್ಲ. ಮೋಟಾರ್ ಜೋಡಿಸದೆ ಕಾಂಟ್ಯಾಕ್ಟರ್ ಮಾತ್ರ ಇಟ್ಟುಕೊಂಡು ಹೀಗೆ ಮಾಡಿ.

ಕೋಡ್‌ನ ನಡುವೆ ಮುಗಿಯದ ಒಂದು ಲೂಪ್ ಹಾಕಿ ಹ್ಯಾಂಗ್ ಮಾಡಿಸಿ. ವಾಚ್‌ಡಾಗ್ ಆಫ್ ಇರಲಿ. ಒಂದೆರಡು ಸೆಕೆಂಡಿನಲ್ಲಿ ಅನುಮತಿ ರಿಲೇ ಬಿಡಬೇಕು. ಬಿಡದಿದ್ದರೆ ಬಡಿತ ಎಲ್ಲಿಂದಲೋ ಬರುತ್ತಿದೆ, ಹುಡುಕಿ. ಆಮೇಲೆ ವಾಚ್‌ಡಾಗ್ ಆನ್ ಮಾಡಿ ಮತ್ತೆ ನೋಡಿ. ರೀಸೆಟ್ ಬಟನ್ ಒತ್ತಿ ಹಿಡಿಯಿರಿ, ಅನುಮತಿ ರಿಲೇ ಬಿಡಬೇಕು, ಯಾವ ರಿಲೇಯೂ ತಾನಾಗಿ ಎಳೆದುಕೊಳ್ಳಬಾರದು. ಕಾಂಟ್ಯಾಕ್ಟರ್ ಎಳೆದಿರುವಾಗಲೇ ಮೆಸೇಜ್ ಕಳಿಸಿ. ಸೆನ್ಸರಿನ ವೈರ್ ಕಿತ್ತು ನೋಡಿ: ವೈರ್ ತುಂಡಾದರೆ ಕೋಡ್ ಅದನ್ನು “ನೀರು ಇದೆ” ಎಂದು ಓದಬಾರದು. ಕಾಂಟ್ಯಾಕ್ಟರನ್ನು ಮತ್ತೆ ಮತ್ತೆ ಆನ್ ಆಫ್ ಮಾಡಿ. ಚಿಪ್ ರೀಸೆಟ್ ಆಗುತ್ತಿದ್ದರೆ ಕಾಯಿಲಿಗೆ ಅಡ್ಡಲಾಗಿ, ಕಾಯಿಲಿನ ವೋಲ್ಟೇಜಿಗೆ ತಕ್ಕ ಆರ್‌ಸಿ ಸ್ನಬ್ಬರ್ (ಸ್ಪೈಕ್ ಹೀರುವ ರೆಸಿಸ್ಟರ್, ಕೆಪಾಸಿಟರ್ ಜೋಡಿ) ಹಾಕಿ.

ಫೇಸ್ ಪರೀಕ್ಷೆಯಲ್ಲಿ ಒಂದು ವಿಷಯ ತಲೆಯಲ್ಲಿರಲಿ. ಓಡುತ್ತಿರುವ ಮೋಟಾರಿಗೆ ಒಂದು ಫೇಸ್ ಹೋದರೂ ಅದು ತಿರುಗುತ್ತಲೇ ಇರುತ್ತದೆ, ಹೋದ ಫೇಸಿನ ತಂತಿಯಲ್ಲಿ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ. “ವೋಲ್ಟೇಜ್ ಇದೆಯಾ” ಎಂದು ಮಾತ್ರ ನೋಡುವ ಕೋಡ್ ಇದೆ ಎಂದೇ ಹೇಳುತ್ತದೆ. ಮೂರು ಫೇಸಿನ ಕರೆಂಟನ್ನೂ ಅಳೆದು ಹೋಲಿಸಿ. ಇದನ್ನು ಟೇಬಲ್ ಮೇಲೆ ಕಾಣಲಾಗುವುದಿಲ್ಲ. ಎಲೆಕ್ಟ್ರಿಷಿಯನ್ ಜೊತೆಗಿದ್ದು ಮೋಟಾರ್ ಜೋಡಿಸಿದ ಮೇಲೆಯೇ ನೋಡಬೇಕು.

ಸಮಯವನ್ನೂ ಅಳೆಯಿರಿ. ಇಂಟರಪ್ಟ್ ಶುರುವಿನಲ್ಲಿ ಒಂದು ಪಿನ್ ಹೈ ಮಾಡಿ, ಮುಗಿಯುವಾಗ ಲೋ ಮಾಡಿ. ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್ ಹಾಕಿ, ಪಲ್ಸ್‌ವ್ಯೂ ಸಾಫ್ಟ್‌ವೇರಿನಲ್ಲಿ ನೋಡಿ. ಅತಿ ಉದ್ದದ ಪಲ್ಸ್ ಎಷ್ಟಿದೆ ಎಂದು ಎರಡನೇ ಹಂತದ ಹಾಳೆಯಲ್ಲಿ ಬರೆಯಿರಿ.

ಕೊನೆಯದಾಗಿ, ಆರ್ಡುಯಿನೋ ಶುರುವಾಗಿ ಎಷ್ಟು ಮಿಲಿಸೆಕೆಂಡ್ ಆಯಿತು ಎಂದು ಹೇಳುವ ಮಿಲ್ಲಿಸ್ ಎಣಿಕೆ 49 ದಿನ 17 ಗಂಟೆಗೆ ತುಂಬಿ ಸೊನ್ನೆಗೆ ಬರುತ್ತದೆ. ಪರೀಕ್ಷೆಗೆ ಅಷ್ಟು ದಿನ ಕಾಯಲಾಗುವುದಿಲ್ಲ. ಮಿಲ್ಲಿಸ್‌ಗೆ ಒಂದು ದೊಡ್ಡ ಸಂಖ್ಯೆ ಕೂಡಿಸಿ ಕೊಡುವ ನಿಮ್ಮದೇ ಫಂಕ್ಷನ್ ಬರೆದು, ಎಣಿಕೆ ತುಂಬಲು ಒಂದು ನಿಮಿಷ ಇರುವಂತೆ ಶುರು ಮಾಡಿ. ಮುಂದಿನ ಸಮಯವನ್ನು ಕೂಡಿಸಿ ಹೋಲಿಸಿದ್ದರೆ ಆ ಗಡಿಯಲ್ಲಿ ಮೋಟಾರ್ ತಪ್ಪು ಹೊತ್ತಿಗೆ ಆನ್ ಆಗುವುದು ಅಲ್ಲೇ ಕಾಣುತ್ತದೆ. ಈಗಿನ ಸಮಯದಿಂದ ಹಿಂದಿನದನ್ನು ಕಳೆದು ಹೋಲಿಸುವಂತೆ ತಿದ್ದಿ, ಅನ್‌ಸೈನ್ಡ್ ಲಾಂಗ್‌ನಲ್ಲೇ ಇಡಿ, ಇನ್ನೊಮ್ಮೆ ಓಡಿಸಿ ನೋಡಿ. ಆಮೇಲೆ ಡಬ್ಬಿ ಮುಚ್ಚಬಹುದು.